ಕುಡಿಯಬೇಕಾದ ಇಂಜೆಕ್ಷನ್

ಕೊರೋನಾ ಮುಗಿದ ಮರುವರ್ಷ. ಹೆಬ್ಬಾಳದಾಚೆಯ ನಮ್ಮೂರು ಸಿಂಗಾಪುರದಲ್ಲಿ ನನ್ನ ಮೆಡಿಕಲ್ ಶಾಪಿಗೆ ಆಗ ಇಪ್ಪತ್ತೆರಡು ವರ್ಷ ತುಂಬಿತ್ತು. ಇನ್ನೊಬ್ಬರ ಅಂಗಡಿಯಲ್ಲಿ ದುಡಿಯುತ್ತಲೇ ಡಿ.ಫಾರ್ಮ ಮುಗಿಸಿ, ಡಿಸ್ಟ್ರಿಬ್ಯೂಟರುಗಳ ಜೊತೆ ಚೌಕಾಸಿ ಮಾಡುತ್ತಲೇ ಮೇಲೆ ಬಂದವನು ನಾನು.

ಊರಿನ ಹಳೇ ಮನೆತನದ ಮುನಿರಾಜಣ್ಣ ಜಮೀನಿನಲ್ಲಿ ಬಾಡಿಗೆ ಮನೆ ಕಟ್ಟಿಸಿದವರು. ಅವರ ತಾಯಿ ಗೌರಮ್ಮನವರಿಗೆ ಹಲ್ಲು ಕಿತ್ತಾಗ ಡಾಕ್ಟರು ಐದು ದಿನಕ್ಕೆ ಆ್ಯಂಟಿಬಯಾಟಿಕ್ ಬರೆದಿದ್ದರು. ಅದು ಮುಗಿದ ಮೇಲೂ ದವಡೆ ನೋವೆಂದು ಮುನಿರಾಜಣ್ಣ ಖಾಲಿ ಸ್ಟ್ರಿಪ್ ತೋರಿಸಿದರು. ಡಾಕ್ಟರ ಚೀಟಿ ಕೇಳದೆ ಅದೇ ಮಾತ್ರೆಯನ್ನು ಇನ್ನೂ ಐದು ದಿನಕ್ಕೆ ಕೊಟ್ಟೆ.

ಹತ್ತೇ ದಿನದಲ್ಲಿ ಗೌರಮ್ಮನವರಿಗೆ ಭೇದಿ ಹಿಡಿಯಿತು, ದಿನಕ್ಕೆ ಹತ್ತು ಹನ್ನೆರಡು ಸಲ. ಹೆಬ್ಬಾಳದ ಆಸ್ಪತ್ರೆಯಲ್ಲಿ ಮಲ ಪರೀಕ್ಷೆ ಮಾಡಿ, ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಎಂದರು. ಆಮ್ಲಜನಕ ಇಲ್ಲದ ಕಡೆ ಬೆಳೆಯುವ ಜೀವಿ ಅದು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಅದಕ್ಕೆ ಸುಲಭವಾಗಿ ಜಾಗ ಬಿಡುವುದಿಲ್ಲ. ಆ್ಯಂಟಿಬಯಾಟಿಕ್ ಅವನ್ನು ಕೊಂದರೆ ಇದು ಹಬ್ಬಿ ವಿಷ ಉಗುಳುತ್ತದೆ. ಹಾಗೆ ಜಾಗ ಖಾಲಿ ಮಾಡಿಸಿದವರಲ್ಲಿ ನಾನೂ ಒಬ್ಬ.

ಸ್ವಲ್ಪ ಸುಧಾರಿಸಿದ್ದೇ ಗೌರಮ್ಮನವರು ಹಟ ಹಿಡಿದು ಮನೆಗೆ ಬಂದರು. ಈ ಬ್ಯಾಕ್ಟೀರಿಯಾವನ್ನು ಕೊಲ್ಲುವ ವ್ಯಾಂಕೋಮೈಸಿನ್ ಕ್ಯಾಪ್ಸೂಲ್ ಸಿಗದ ಕಾರಣ, ಅದರ ಇಂಜೆಕ್ಷನ್ ಪುಡಿಯನ್ನೇ ನೀರಿನಲ್ಲಿ ಕರಗಿಸಿ ಕುಡಿಸುವಂತೆ ಡಾಕ್ಟರು ಬರೆದಿದ್ದರು. ಡಿಸ್ಟ್ರಿಬ್ಯೂಟರನ್ನು ಪೀಡಿಸಿ ಆ ಪುಡಿಯ ಹತ್ತು ಪುಟ್ಟ ಬಾಟಲಿ ತರಿಸಿಕೊಟ್ಟೆ. ಎರಡು ದಿನ ಬಿಟ್ಟು ಮುನಿರಾಜಣ್ಣ ಡ್ರಿಪ್ ಸೆಟ್ ಕೇಳಿಕೊಂಡು ಬಂದರು. ಯಾಕಣ್ಣ ಎಂದೆ.

"ಸೂಜಿ ಮದ್ದನ್ನ ಯಾರಾನ ಕುಡಿಸ್ತಾರೇನಪ್ಪ? ಪಕ್ಕದ ಬೀದಿ ನರ್ಸಮ್ಮನ ಕೈಲಿ ಡ್ರಿಪ್‌ನಾಗೆ ಆಕಿಸ್ತಾ ಇವ್ನಿ. ಅವ್ವಂಗೆ ನಿಲ್ತಾನೇ ಇಲ್ಲ, ಕಣ್ಣು ಗುಳಿ ಬಿದ್ದವೆ."

ಡ್ರಿಪ್ ಸೆಟ್ ಕೊಡಲಿಲ್ಲ. ರಕ್ತಕ್ಕೆ ಕೊಟ್ಟರೆ ಈ ಔಷಧಿ ಕರುಳಿನೊಳಗೆ ಇಳಿಯುವುದಿಲ್ಲ. ಕುಡಿದರೆ ಮಾತ್ರ ಅಲ್ಲೇ ಉಳಿದು ಕೆಲಸ ಮಾಡುತ್ತದೆ. ಚೀಟಿಯಲ್ಲಿ ಬರೆದಿದೆಯಲ್ಲ ಎಂದು ಬಾಯಿ ಬಿಟ್ಟು ಹೇಳದೆ ಕಳಿಸಿದ್ದೆ. ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದೆ. ಈಗಲೇ ಕುಡಿಸಿ, ಓಆರ್‌ಎಸ್ ನೀರನ್ನೂ ಕೊಡುತ್ತಿರಿ, ಸಂಜೆಯೊಳಗೆ ಚೇತರಿಕೆ ಕಾಣದಿದ್ದರೆ ಅಡ್ಮಿಟ್ ಮಾಡಿ ಎಂದರು.

ಶಟರ್ ಎಳೆದು ಅವರ ಮನೆಗೆ ಹೋದೆ. ಇಂಜೆಕ್ಷನ್ ಕುಡಿದರೆ ಸಾಯುತ್ತೇನೆಂದು ಗೌರಮ್ಮನವರು ಲೋಟ ತಳ್ಳಿದರು. ಕುಡಿದರೆ ಆಸ್ಪತ್ರೆ ತಪ್ಪಬಹುದು ಎಂದೆ, ಮೊಮ್ಮಕ್ಕಳ ಆಣೆ ಹಾಕಿದೆ. ನನ್ನ ಯಾವ ಚೌಕಾಸಿಯೂ ನಡೆಯಲಿಲ್ಲ. ಕೊನೆಗೆ, ಮುಚ್ಚಿಟ್ಟುಕೊಂಡಿದ್ದನ್ನು ಹೇಳಿದೆ.

"ಅಮ್ಮ, ಎರಡನೇ ಸಲ ಹಲ್ಲಿನ ಮಾತ್ರೆ ಡಾಕ್ಟರನ್ನ ಕೇಳ್ದೆ ಕೊಟ್ಟೋನು ನಾನೇ. ತಪ್ಪಾಯ್ತು."

ಮುನಿರಾಜಣ್ಣ ತಲೆ ತಗ್ಗಿಸಿದರು. ಗೌರಮ್ಮನವರು ನನ್ನನ್ನೇ ನೋಡಿದರು. "ನೀನೂ ತಪ್ಪು ಮಾಡ್ತೀಯ ಅನ್ನು. ಕೊಡತ್ಲಾಗಿ," ಎಂದು ಲೋಟ ಈಸಿಕೊಂಡು ಕುಡಿದರು.

ಓಆರ್‌ಎಸ್ ನೀರು ಹೊಟ್ಟೆಗೆ ಹೋಗಿ ಸಂಜೆಗೆ ಕೂತು ಮಾತಾಡಿದರು, ಆಸ್ಪತ್ರೆ ತಪ್ಪಿತು. ಮನೆಯವರಿಗೆ ಸೋಪು ಹಾಕಿ ಕೈ ತೊಳೆಯಲು, ಟಾಯ್ಲೆಟ್ಟಿಗೆ ಬ್ಲೀಚಿಂಗ್ ಪೌಡರ್ ಬಳಸಲು ಹೇಳಿದೆ. ಈ ರೋಗಾಣುವಿನ ಗಟ್ಟಿ ಕವಚದ ಬೀಜಕಗಳು ಸ್ಯಾನಿಟೈಸರಿಗೆ ಸಾಯುವುದಿಲ್ಲ. ನಾಲ್ಕನೇ ದಿನ ಭೇದಿ ಮೂರು ಸಲಕ್ಕೆ ಇಳಿದು, ಗೌರಮ್ಮನವರೇ ಗಂಜಿ ಕೇಳಿದರಂತೆ.

ಅಂದಿನಿಂದ ಚೀಟಿಯಿಲ್ಲದೆ ನಾನು ಆ್ಯಂಟಿಬಯಾಟಿಕ್ ಕೊಟ್ಟಿಲ್ಲ. ಚೀಟಿ ಇದ್ದವರಿಗೂ ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಅವರ ಬಾಯಿಂದಲೇ ಹೇಳಿಸಿ ಕಳಿಸುತ್ತೇನೆ. ನಿಮ್ಮ ಮೆಡಿಕಲ್ ಅಂಗಡಿಯವನು ಹಾಗೆ ಕೇಳದಿದ್ದರೆ, ಹೇಗೆ ತೆಗೆದುಕೊಳ್ಳಬೇಕೆಂದು ನೀವೇ ನಿಂತು ಕೇಳಿ. ಹಿಂದೆ ನಿಂತ ಗಿರಾಕಿ ಗೊಣಗುತ್ತಾನೆ. ಗೊಣಗಲಿ, ಅಷ್ಟರಲ್ಲಿ ಒಂದು ಜೀವ ಉಳಿಯಬಹುದು.