ಹನ್ನೊಂದನೇ ಮಿಷನ್ನಿನವಳು

ಅವಳನ್ನು ನಾನು ಮೊದಲು ನೋಡಿದ್ದು ಒಂದು ಸೋಮವಾರ, ಬೆಳಿಗ್ಗೆ ಎಂಟೂಕಾಲಿಗೆ. ಕಾರ್ಖಾನೆಯ ಶಟರ್ ಅರ್ಧ ಎತ್ತಿದ್ದೆ, ಅದು ಅಲ್ಲೇ ಕಚ್ಚಿಕೊಂಡಿತ್ತು. ಹೊರಗಿನಿಂದ ಯಾರೋ ಬಗ್ಗಿ, ಭುಜ ಕೊಟ್ಟು ಮೇಲಕ್ಕೆ ತಳ್ಳಿದರು. ನೋಡಿದರೆ ಮೂವತ್ತೈದರ ಆಸುಪಾಸಿನ ಒಬ್ಬ ಹೆಂಗಸು, ತಲೆಯ ತುಂಬ ತುಕ್ಕಿನ ಪುಡಿ.

"ಕೆಲಸ ಇದ್ಯಾ ಅಮ್ಮ? ಶಟರ್ ಎತ್ತೋ ಕೆಲಸ ಅಲ್ಲ, ಹೊಲಿಗೆ ಕೆಲಸ," ಎಂದಳು.

ಕೆಲಸ ಇತ್ತು. ಜಾಗ ಇರಲಿಲ್ಲ. ಇದನ್ನು ಮೊದಲೇ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನನ್ನ ಗಂಡ ಲಾರಿಗಳಿಗೆ ಟಾರ್ಪಾಲ್ ಹೊಲಿಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಕಾರ್ಖಾನೆ ನನ್ನ ಹೆಸರಿಗೆ ಬಂತು. ಕಾಗದಪತ್ರವನ್ನು ಮೈದುನ ನೋಡಿಕೊಳ್ಳುತ್ತಿದ್ದ, ತೋರಿಸಿದ ಕಡೆ ನಾನು ಸಹಿ ಹಾಕುತ್ತಿದ್ದೆ. ಊರಾಚೆ ಒಂದು ದೊಡ್ಡ ಕಂಪನಿ. ಸೈನ್ಯಕ್ಕೆ ಸ್ಟ್ರೆಚರ್ ಮಾಡಿಕೊಡುವ ಗುತ್ತಿಗೆ ಸರ್ಕಾರದಿಂದ ಅದಕ್ಕೆ ಸಿಕ್ಕಿತು. ಆದರೆ ಎಲ್ಲವನ್ನೂ ದೊಡ್ಡವರೇ ನುಂಗುವ ಹಾಗಿರಲಿಲ್ಲ. ಐದರಲ್ಲಿ ಒಂದು ಪಾಲು ಕೆಲಸವನ್ನು ಸಣ್ಣ ಕಾರ್ಖಾನೆಗಳಿಗೆ ಉಪಗುತ್ತಿಗೆ ಕೊಡಬೇಕು, ಅದು ಸರ್ಕಾರದ ಶರತ್ತು. ಸಣ್ಣದು ಎಂದರೆ ಹಾಜರಿ ಪುಸ್ತಕದಲ್ಲಿ ಹತ್ತು ಜನ. ಹನ್ನೊಂದಾದರೆ ಸಣ್ಣದಲ್ಲ, ಕೆಲಸ ಕೈತಪ್ಪುತ್ತದೆ.

ನಮಗೆ ಸಿಕ್ಕಿದ್ದು ಗಾಯಾಳು ಉರುಳಿ ಬೀಳದಂತೆ ಸ್ಟ್ರೆಚರಿಗೆ ಬಿಗಿಯುವ ನೈಲಾನ್ ಪಟ್ಟಿ. ಎದೆಗೊಂದು, ಸೊಂಟಕ್ಕೊಂದು, ಕಾಲಿಗೊಂದು. ಬಕಲ್ ಇರುವ ತುದಿಯನ್ನು ಮಡಚಿ ಚೌಕವಾಗಿ ಹೊಲಿದು, ಚೌಕದೊಳಗೆ ಅಡ್ಡಡ್ಡ ಎರಡು ಗೆರೆ ಹಾಕಬೇಕು. ಇಂಚಿಗೆ ಏಳು ಹೊಲಿಗೆ. ಆರೂ ಅಲ್ಲ, ಎಂಟೂ ಅಲ್ಲ. ಪ್ರತಿ ಪಟ್ಟಿಯನ್ನೂ ನಾನು ಹೆಬ್ಬೆರಳಿನ ಉಗುರು ಓಡಿಸಿ ಎಣಿಸುತ್ತಿದ್ದೆ.

ಹತ್ತು ಮಿಷನ್ನಿಗೆ ಹತ್ತು ಹೆಂಗಸರಿದ್ದರು. ಮೊದಲ ದೊಡ್ಡ ಲಾಟ್ ಬಂದು ಮೂರು ವಾರವಾಗಿತ್ತು, ಅರ್ಧವೂ ಮುಗಿದಿರಲಿಲ್ಲ. ಮೂಲೆಯಲ್ಲಿ ನನ್ನ ಗಂಡನ ಹಳೆಯ ಟಾರ್ಪಾಲ್ ಮಿಷನ್ ಸುಮ್ಮನೆ ನಿಂತಿತ್ತು. ಬಂದವಳನ್ನು ಅದರ ಮುಂದೆ ಕೂರಿಸಿ ಒಂದು ಪಟ್ಟಿ ಕೊಟ್ಟೆ. ಅವಳು ಮೂಲೆ ತಿರುಗಿಸುವಾಗ ಸೂಜಿಯನ್ನು ಬಟ್ಟೆಯೊಳಗೇ ನಿಲ್ಲಿಸಿ, ಪಟ್ಟಿಯನ್ನು ಎರಡು ಬೆರಳಿನಲ್ಲಿ ತಿರುಗಿಸಿದಳು. ಮೂಲೆಗಳು ಚಾಕುವಿನಿಂದ ಕೊಯ್ದ ಹಾಗೆ ಬಂದವು. ಎಣಿಸಿದೆ, ಏಳು. ಇನ್ನೊಂದು ಕಡೆ ಎಣಿಸಿದೆ, ಅಲ್ಲೂ ಏಳು.

"ಒಂದೇ ತಿಂಗಳು. ಹಾಜರಿ ಪುಸ್ತಕದಲ್ಲಿ ಹೆಸರು ಬೇಡ," ಎಂದೆ.

ಆ ಮಾತು ನನ್ನದು, ಮೈದುನನದಲ್ಲ. ಆಮೇಲೆ ಎಷ್ಟೋ ತಪ್ಪನ್ನು ಅವನ ತಲೆಗೆ ಕಟ್ಟಿದ್ದೇನೆ. ಇದನ್ನು ಕಟ್ಟುವ ಹಾಗಿಲ್ಲ.

ಒಂದು ತಿಂಗಳು ಏಳು ವರ್ಷವಾಯಿತು.

ಅವಳನ್ನು ಎಲ್ಲರೂ ಬಾಬಿನ್ನು ಎಂದು ಕರೆಯುತ್ತಿದ್ದರು. ಮಿಷನ್ನಿನ ಕೆಳಗಿನ ಬಾಬಿನ್ನಿನಲ್ಲಿ ದಾರ ಮುಗಿಯುವುದು ಉಳಿದವರಿಗೆ ಮುಗಿದ ಮೇಲೆಯೇ ಗೊತ್ತಾಗುತ್ತಿತ್ತು. ಇವಳಿಗೆ ಶಬ್ದದಲ್ಲೇ ತಿಳಿಯುತ್ತಿತ್ತು. ತನ್ನದಷ್ಟೇ ಅಲ್ಲ, ಮೂರನೇ ಸಾಲಿನವಳದೂ. ಕೂತಲ್ಲಿಂದಲೇ, "ಏಯ್, ನಿನ್ ದಾರ ಇನ್ನು ಒಂದು ಗೇಣು ಇದೆ, ಬದಲಾಯ್ಸು," ಎಂದು ಕೂಗುತ್ತಿದ್ದಳು. ಆ ಇನ್ನೊಬ್ಬಳು ಬದಲಾಯಿಸದೆ ಹೊಲಿದರೆ ನಡುವೆಯೇ ಖಾಲಿ. ಆಗ ಎಲ್ಲರೂ ನಗುತ್ತಿದ್ದರು.

ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ, ಇಬ್ಬರೇ. ಗಂಡ ಬಿಟ್ಟು ಹೋಗಿದ್ದ. ಯಾರಾದರೂ ಅಯ್ಯೋ ಪಾಪ ಎಂದರೆ ಅವಳಿಗೆ ಆಗುತ್ತಿರಲಿಲ್ಲ. "ಮಗ ಓಡಿಹೋದ, ಅತ್ತೆ ಓಡ್ಲಿಲ್ಲ. ಮಂಡಿನೋವು, ಓಡೋಕಾಗಲ್ಲ. ಅದಕ್ಕೇ ನನ್ ಜೊತೆ ಉಳ್ಕೊಂಡ್ರು," ಎನ್ನುತ್ತಿದ್ದಳು. ಆ ಅತ್ತೆಯನ್ನು ಒಮ್ಮೆ ಕಂಡಿದ್ದೇನೆ. "ನನ್ ಸೊಸೆಗೆ ಬಾಯಿ ಜಾಸ್ತಿ ಅಮ್ಮ, ಆದ್ರೆ ಕೈ ಅದಕ್ಕಿಂತ ಜಾಸ್ತಿ," ಎಂದಿದ್ದರು.

ಊಟದ ಹೊತ್ತಿನಲ್ಲಿ ಅವಳು ನನಗೆ ಅಕ್ಷರ ಕಲಿಸಿದಳು. ಸಹಿ ಮಾತ್ರ ಗಂಡ ಕಲಿಸಿದ್ದು, ಅಂಕಿ ಹೇಗೋ ಬರುತ್ತಿತ್ತು. ಉಳಿದದ್ದೆಲ್ಲ ಇವಳದೇ, ಕರಿ ಪಟ್ಟಿಯ ತುಂಡಿನ ಮೇಲೆ ಚಾಕ್‌ಪೀಸಿನಲ್ಲಿ. "ಅಮ್ಮಾ, ನಿಮ್ಮ ಒತ್ತಕ್ಷರ ನೋಡಿದ್ರೆ ಒಂದಕ್ಷರ ಇನ್ನೊಂದನ್ನ ಒದ್ದ ಹಾಗಿದೆ," ಎಂದು ನಗುತ್ತಿದ್ದಳು. ಈಗ ಬರೆಯುತ್ತಿರುವುದು ಅವಳು ಕಲಿಸಿದ ಅಕ್ಷರದಲ್ಲಿಯೇ. ಕೂಲಿಯಲ್ಲಿ ಅವಳಿಗೆ ಮೋಸ ಮಾಡಲಿಲ್ಲ, ಉಳಿದವರಷ್ಟೇ ಕೊಟ್ಟೆ. ಬಹಳ ಕಾಲ ಅದನ್ನೇ ನನಗೆ ನಾನು ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆರು ತಿಂಗಳಿಗೊಮ್ಮೆ ಕಂಪನಿಯಿಂದ ಎಣಿಸಲು ಬರುತ್ತಿದ್ದರು. ಬರುವವರ ಕೆಲಸ ಸಣ್ಣ ಕಾರ್ಖಾನೆಗಳನ್ನು ನೋಡಿಕೊಳ್ಳುವುದು, ಆದ್ದರಿಂದ ನಮ್ಮ ಬಾಯಲ್ಲಿ ಅವರು ಸಣ್ಣ ಸಾಹೇಬರು. ಆರಡಿ ಮೇಲಿದ್ದರು, ನಮ್ಮ ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರಲು ಆಗುತ್ತಿರಲಿಲ್ಲ. ಅವರು ಬರುವ ದಿನ ಬಾಬಿನ್ನು ಏಪ್ರನ್ ಬಿಚ್ಚಿಟ್ಟು, ಚೀಲ ಹೆಗಲಿಗೆ ಹಾಕಿ, ಎದುರಿನ ಬೀಗ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಗಿರಾಕಿಯ ಹಾಗೆ ಕೂರುತ್ತಿದ್ದಳು. ಓಣಿ ಎಷ್ಟು ಕಿರಿದು ಎಂದರೆ ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳುತ್ತಿತ್ತು.

"ಎಷ್ಟು ಮನೆ ಇದೆ ತಾಯಿ ನಿಂಗೆ? ವರ್ಷಕ್ಕೆ ಎರಡು ಸಲ ಕೀ ಮಾಡಿಸ್ತೀಯಲ್ಲ," ಎಂದು ಬೀಗದವನು ಛೇಡಿಸುತ್ತಿದ್ದ.

"ಮನೆ ಒಂದೇ. ಒಳಗೆ ಬಿಡೋರಿಲ್ಲ, ಅದಕ್ಕೆ ಮಾಡಿಸ್ತಾ ಇದೀನಿ," ಎನ್ನುತ್ತಿದ್ದಳು.

ನಾವು ಹಳೆ ಮಿಷನ್ನಿಗೆ ಬಟ್ಟೆ ಹೊದಿಸಿ, ಇದು ಸ್ಪೇರ್ ಎನ್ನುತ್ತಿದ್ದೆವು. ಒಮ್ಮೆ ಸಣ್ಣ ಸಾಹೇಬರು ಮಾತಾಡುತ್ತ ಅದರ ಮೇಲೆ ಕೈ ಊರಿದರು. ತಕ್ಷಣ ಕೈ ತೆಗೆದರು. ಮೋಟರ್ ಇನ್ನೂ ಬಿಸಿಯಾಗಿತ್ತು.

"ಏನಮ್ಮಾ, ಸ್ಪೇರ್ ಮಿಷನ್ನಿಗೂ ಜ್ವರ ಬರುತ್ತಾ?" ಎಂದರು.

ಅವರು ನಕ್ಕು, ಪುಸ್ತಕದಲ್ಲಿ ಹತ್ತು ಎಂದು ಬರೆದುಕೊಂಡು ಹೋದರು. ಅವರಿಗೂ ನಾವು ಬೇಕಾಗಿತ್ತು. ಸಣ್ಣವರ ಪಾಲು ತುಂಬದಿದ್ದರೆ ಅವರ ಕಂಪನಿ ಸರ್ಕಾರಕ್ಕೆ ಉತ್ತರ ಹೇಳಬೇಕು. ಇದು ತಿಳಿದ ಮೇಲೆ ನನಗೆ ಧೈರ್ಯ ಬಂತು. ಬರಬಾರದಾಗಿತ್ತು.

ಮೂರನೇ ವರ್ಷ ಒಬ್ಬಳು ಕೆಲಸ ಬಿಟ್ಟು ಬೇರೆ ಊರಿಗೆ ಹೋದಳು. ಪುಸ್ತಕದಲ್ಲಿ ಒಂದು ಜಾಗ ಖಾಲಿಯಾಯಿತು. ಬಾಬಿನ್ನು ಏನೂ ಕೇಳಲಿಲ್ಲ, ಆದರೆ ಆ ವಾರವೆಲ್ಲ ಅವಳು ಹಾಡಿಕೊಳ್ಳುತ್ತ ಹೊಲಿದಳು. ಶುಕ್ರವಾರ ಮೈದುನ ಪುಸ್ತಕ ತಂದು ನನ್ನ ಮುಂದಿಟ್ಟ. ಹತ್ತನೇ ಸಾಲಿನಲ್ಲಿ ಅವನ ಹೆಂಡತಿಯ ಹೆಸರಿತ್ತು. ನನ್ನ ವಾರಗಿತ್ತಿ.

"ಪುಸ್ತಕದಲ್ಲಿದ್ರೆ ಕೆಲಸಗಾರರ ಆಸ್ಪತ್ರೆ ಕಾರ್ಡ್ ಸಿಗುತ್ತೆ ಅತ್ತಿಗೆ. ಅವಳ ಸೊಂಟ ನಿಮಗೇ ಗೊತ್ತಲ್ಲ," ಎಂದ.

ಓದಲು ಬರದಿದ್ದರೆ ಒಂದು ನೆಪವಾದರೂ ಇರುತ್ತಿತ್ತು. ಓದಿದೆ, ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಓದಿದೆ. ಓದಿ ಸಹಿ ಹಾಕಿದೆ.

ಮುಂದಿನ ಎಣಿಕೆಯ ದಿನ ವಾರಗಿತ್ತಿ ಮಿಷನ್ನಿನ ಮುಂದೆ ಬಂದು ಕೂತಳು. ಸಾಹೇಬರು ಹತ್ತಿರ ಬಂದಾಗ ಗಾಬರಿಯಲ್ಲಿ ಪೆಡಲ್ ಒತ್ತಿದಳು. ಪಟ್ಟಿಯ ಜೊತೆ ತನ್ನ ಏಪ್ರನ್ನಿನ ತುದಿಯನ್ನೂ ಸೇರಿಸಿ ಹೊಲಿದುಬಿಟ್ಟಳು. ಸಾಹೇಬರು ಮುಖ ತಿರುಗಿಸಿ ಸೀಲಿಂಗ್ ನೋಡಿದರು. ಅವರು ಹೋದ ಮೇಲೆ ಬಿಚ್ಚಿಕೊಟ್ಟವಳು ಬಾಬಿನ್ನು. ಒಂದೊಂದೇ ಹೊಲಿಗೆ ಕಿತ್ತು, "ಗಟ್ಟಿ ಹೊಲಿಗೆ ಅಕ್ಕ, ಗಾಯಾಳು ತಾನಾಗಿ ಇಳಿದು ಹೋಗ್ತೀನಿ ಅಂದ್ರೂ ಬಿಡಲ್ಲ," ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಅವಳು ಮಾತ್ರ ನನ್ನ ಕಡೆ ನೋಡಲಿಲ್ಲ. ಹಾಡಿಕೊಂಡು ಹೊಲಿಯುವುದನ್ನು ಪುಸ್ತಕಕ್ಕೆ ವಾರಗಿತ್ತಿಯ ಹೆಸರು ಬಂದ ವಾರದಿಂದಲೇ ಬಿಟ್ಟಿದ್ದಳು.

ಏಳನೇ ವರ್ಷದ ಕೊನೆಯ ಎಣಿಕೆ. ಸಣ್ಣ ಸಾಹೇಬರು ಆ ದಿನ ಕೈಯಲ್ಲಿ ನಾವು ಹೊಲಿದ ಒಂದು ಪಟ್ಟಿ ಹಿಡಿದು ಬಂದರು. ಪ್ರತಿ ಲಾಟಿನಿಂದ ಕೆಲವು ಪಟ್ಟಿಗಳನ್ನು ಕಂಪನಿಯವರು ಕೊಕ್ಕೆಗೆ ನೇತುಹಾಕಿ, ಕಬ್ಬಿಣದ ತೂಕ ಸೇರಿಸುತ್ತ ಹೋಗಿ, ಎಲ್ಲಿ ಕಿತ್ತುಬರುತ್ತದೆ ಎಂದು ನೋಡುತ್ತಾರೆ.

"ಇದು ಕಿತ್ತು ಬರ್ಲಿಲ್ಲ. ಬಕಲ್ಲೇ ಬಾಗ್ತು," ಎಂದು ತೋರಿಸಿದರು. "ಈ ಮೂಲೆ ನೋಡಿ. ಇಂಥ ಹೊಲಿಗೆ ಪ್ರತಿ ಲಾಟಲ್ಲೂ ಕಾಣ್ತೀನಿ. ಯಾರ ಕೈ ಇದು?"

ಮಿಷನ್ನುಗಳು ಒಂದೊಂದಾಗಿ ನಿಂತವು.

"ಸಣ್ಣ ಕಾರ್ಖಾನೆಯವರಿಗೆ ಕೆಲಸ ಕಲಿಸಿಕೊಡೋದೂ ಈಗ ಕಂಪನಿ ಮೇಲೆ ಬಂದಿದೆ. ಹೊಲಿಗೆ ಕಲಿಸೋಕೆ ಒಬ್ರು ಬೇಕು. ಖಾಯಂ ಕೆಲಸ. ಸಣ್ಣ ಕಾರ್ಖಾನೇಲಿ ಐದು ವರ್ಷ ದುಡಿದಿರೋ ದಾಖಲೆ ಇದ್ರೆ ಸಾಕು. ಹೆಸರು ಹೇಳಿ, ನಾನು ಮಾತಾಡ್ತೀನಿ."

ಮೈದುನ ನನ್ನನ್ನೇ ನೋಡುತ್ತಿದ್ದ. ಶಟರ್ ಪೂರ್ತಿ ತೆರೆದಿತ್ತು. ಎದುರಿನ ಬೆಂಚಿನ ಮೇಲೆ ಬಾಬಿನ್ನು ಚೀಲವನ್ನು ತೊಡೆಯ ಮೇಲಿಟ್ಟು ಕೂತಿದ್ದಳು. ಬೀಗದವನು ಅರ ಉಜ್ಜುವುದನ್ನು ನಿಲ್ಲಿಸಿದ್ದ.

"ನಮ್ಮಲ್ಲಿ ಎಲ್ರೂ ಹೀಗೇ ಹೊಲೀತಾರೆ ಸಾರ್," ಎಂದೆ.

ಸಾಹೇಬರು ಹತ್ತು ಜನರ ಮುಖವನ್ನೂ ನೋಡಿದರು. ಯಾರೂ ತಲೆ ಎತ್ತಲಿಲ್ಲ. ಅವರು ಚೀಲದಿಂದ ಒಂದು ಅರ್ಜಿ ಫಾರಂ ತೆಗೆದು, ಬಟ್ಟೆ ಹೊದಿಸಿದ ಮಿಷನ್ನಿನ ಮೇಲೆ ಇಟ್ಟರು. "ಆ ಕೈಯವರು ಸಿಕ್ಕಿದ್ರೆ ಕೊಡಿ. ಶನಿವಾರದೊಳಗೆ ಬರಬೇಕು," ಎಂದು ತಲೆ ತಗ್ಗಿಸಿ ಬಾಗಿಲು ದಾಟಿದರು.

ಬಾಬಿನ್ನು ಬಂದಳು. ಬಟ್ಟೆ ಸರಿಸುವ ಮೊದಲು ಫಾರಂ ಎತ್ತಿ ಓದಿದಳು. ಕೇಳಿದೆಯಾ ಎಂದು ನಾನು ಕೇಳಲಿಲ್ಲ, ಕೇಳಿಸಿತು ಎಂದು ಅವಳೂ ಹೇಳಲಿಲ್ಲ. ಸಂಜೆ ಉಳಿದವರೆಲ್ಲ ಹೋದ ಮೇಲೆ ನನ್ನ ಮೇಜಿನ ಹತ್ತಿರ ನಿಂತಳು.

"ಅಮ್ಮಾ, ಏಳು ವರ್ಷ ಇಲ್ಲಿ ಹೊಲಿದಳು ಅಂತ ಒಂದು ಸಾಲು ಬರ್ಕೊಡಿ. ಜಾಸ್ತಿ ಬೇಡ. ಒಂದೇ ಸಾಲು. ನಿಮಗೆ ಬರೆಯೋಕೆ ಬರುತ್ತೆ."

"ಮೈದುನನ್ನ ಒಂದು ಮಾತು ಕೇಳಿ ಹೇಳ್ತೀನಿ ಕಣೆ," ಎಂದೆ.

ಮೈದುನನಿಗೆ ಸಿಟ್ಟು ಬರಲಿಲ್ಲ, ಹೆದರಿಕೆ ಬಂತು. "ಅತ್ತಿಗೆ, ಹದಿನಾಲ್ಕು ಎಣಿಕೆ ಆಗಿದೆ. ಹದಿನಾಲ್ಕರಲ್ಲೂ ಹತ್ತೇ ಜನ ಅಂತ ನಿಮ್ಮ ಸಹಿ ಇದೆ. ನೀವು ಆ ಒಂದು ಸಾಲು ಬರೆದ್ರೆ ಹದಿನಾಲ್ಕೂ ಸುಳ್ಳು ಅಂತ ನೀವೇ ಬರ್ಕೊಟ್ಟ ಹಾಗೆ. ಕೆಲಸ ಹೋಗುತ್ತೆ. ಆ ಹತ್ತು ಜನಕ್ಕೆ ಏನು ಹೇಳ್ತೀರಿ?"

ಒಂಬತ್ತು ಜನಕ್ಕೆ, ಎನ್ನಬೇಕಾಗಿತ್ತು. ನಿನ್ನ ಹೆಂಡತಿಯನ್ನು ಬಿಟ್ಟು ಒಂಬತ್ತು. ನನಗೆ ಎಣಿಸಲು ಬರುತ್ತದೆ, ಅಷ್ಟಾದರೂ ಬರುತ್ತದೆ. ಆದರೆ ಮರುದಿನ ಬಾಬಿನ್ನಿಗೆ, "ಈ ಲಾಟ್ ಮುಗೀಲಿ, ಆಮೇಲೆ ನೋಡೋಣ," ಎಂದೆ. ಲಾಟ್ ಮುಗಿಯುವುದು ಮುಂದಿನ ಬುಧವಾರ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ತಲೆಯಾಡಿಸಿ ಹೋಗಿ ಮಿಷನ್ನಿನ ಮುಂದೆ ಕೂತಳು. ಆ ದಿನದ ಪಟ್ಟಿಗಳನ್ನೂ ಎಣಿಸಿದೆ. ಎಲ್ಲದರಲ್ಲೂ ಏಳೇ ಇತ್ತು. ಒಂದಾದರೂ ತಪ್ಪಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ.

ಆ ಕೆಲಸ ಬೇರೆ ಕಾರ್ಖಾನೆಯವಳಿಗೆ ಸಿಕ್ಕಿತು. ಬಾಬಿನ್ನು ಅತ್ತೆಯನ್ನು ಕರೆದುಕೊಂಡು ಊರು ಬಿಟ್ಟಳು. ಎಲ್ಲೋ ಶಾಲೆ ಮಕ್ಕಳ ಚೀಲ ಹೊಲಿಯುವ ಕಡೆ ಕಲಿಯುವವರ ಸಾಲಿನಲ್ಲಿ ಸೇರಿಸಿಕೊಂಡಿದ್ದಾರಂತೆ ಎಂದು ಬೀಗದವನು ಹೇಳಿದ. ಅಂಥ ಕೈಯನ್ನು ಕಲಿಯುವವಳು ಎಂದು ಬರೆದುಕೊಂಡರಂತೆ. ಅವನು ಆಮೇಲೆ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ನಮ್ಮ ಕಾರ್ಖಾನೆ ಇನ್ನೂ ನಾಲ್ಕು ವರ್ಷ ನಡೆಯಿತು, ಹತ್ತೇ ಜನರಿಂದ. ಇದನ್ನು ಬರೆದಿಟ್ಟರೆ ಯಾರಿಗೆ ಏನು ಉಪಯೋಗ ಎಂದು ವಾರಗಿತ್ತಿ ಕೇಳುತ್ತಾಳೆ. ಯಾರೂ ಬರೆಯದೇ ಹೋದದ್ದು, ಅದಕ್ಕೆ ಬರೆಯುತ್ತಿದ್ದೇನೆ.

ಅವಳು ನನ್ನನ್ನು ಕೊನೆಗೆ ಕಂಡದ್ದು ಫಾರಂ ಕೊಡುವ ಗಡುವಿನ ಹಿಂದಿನ ದಿನ, ಶುಕ್ರವಾರ ಸಂಜೆ, ನಮ್ಮ ಮನೆಯಲ್ಲಿ. ಹಾಗೆ ಮನೆಗೆ ಬಂದವಳೇ ಅಲ್ಲ. ಬಾಗಿಲು ತೆರೆದಾಗ ಚಪ್ಪಲಿ ಬಿಟ್ಟು ಒಳಗೆ ಬಂದು, ಊಟದ ಮೇಜಿನ ಮೇಲೆ ಫಾರಂ ಹರಡಿ, ಪೆನ್ನಿನ ಮುಚ್ಚಳ ತೆಗೆದಳು. ನಾನು ಟೀ ಇಡಲು ಹೋದೆ, ಬೇಡ ಎಂದಳು. ಹೆಸರು ಬರೆದಾಗಿತ್ತು. ವಯಸ್ಸು ಬರೆದಾಗಿತ್ತು. ವಿಳಾಸ ಬರೆದಾಗಿತ್ತು. ಅದರ ಕೆಳಗೆ ಹಿಂದಿನ ಕೆಲಸ ಎಂದು ಅಚ್ಚಾಗಿತ್ತು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಲ್ಲಿ. ವರ್ಷಗಳನ್ನು ಬರೆದಿದ್ದಳು. ಎಲ್ಲಿ ಎನ್ನುವ ಜಾಗ ಖಾಲಿ ಇತ್ತು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಮೂಲೆ ಎಲ್ಲಿ ತಿರುಗಿಸಲಿ, ಗುರುತು ಹಾಕಿ ಎಂದು ಕೇಳುತ್ತಿದ್ದಳಲ್ಲ, ಅದೇ ದನಿ. ಪೆನ್ನನ್ನು ಆ ಖಾಲಿ ಜಾಗದ ಮೇಲಿಟ್ಟು ನನ್ನ ಮುಖ ನೋಡಿದಳು.

"ನೀವೇ ಹೇಳಿ ಅಮ್ಮಾ, ಈ ಏಳು ವರ್ಷ ನಾನು ಎಲ್ಲಿದ್ದೆ ಅಂತ ಬರೀಲಿ?"