ಬೀಜಕ್ಕಿಟ್ಟ ಕೆಸುವಿನ ಗಡ್ಡೆ

ಕೆಸುವಿನ ಎಲೆಯ ಮೇಲಿನ ಚುಕ್ಕೆ ಎರಡಾಣೆ ನಾಣ್ಯದಷ್ಟಿತ್ತು. ನಡುವೆ ಕಂದು, ಅದರ ಸುತ್ತ ಒಂದರ ಹೊರಗೊಂದು ಬಳೆಯಂಥ ಗೆರೆ, ಅಂಚಿನಲ್ಲಿ ನೀರು ಹೀರಿದಂಥ ತೇವ. ಬೆಳಗಿನ ಹೊತ್ತಾದ್ದರಿಂದ ಎಲೆಯಡಿಯ ಬಿಳಿ ಬೂಷ್ಟು ಇನ್ನೂ ಒಣಗಿರಲಿಲ್ಲ. ಒಂದೆರಡು ಕಡೆ ಜೇನಿನ ಬಣ್ಣದ ಹನಿ ಗಟ್ಟಿಯಾಗಿತ್ತು.

ಧಾರವಾಡದಲ್ಲಿ ಸಸ್ಯಶಾಸ್ತ್ರದ ಪದವಿ ಮುಗಿಸಿ ಧಾರೇಶ್ವರದ ಹತ್ತಿರದ ನಮ್ಮ ಮನೆಗೆ ಬಂದಿದ್ದೆ. ಅರವತ್ತರ ದಶಕದ ಮೊದಲ ವರ್ಷಗಳು. ಗಂಡ ತೀರಿಕೊಂಡ ಮೇಲೆ ಸೋದರತ್ತೆ ನಮ್ಮಲ್ಲೇ ಇದ್ದಳು. ಅಡುಗೆಮನೆ ಅಮ್ಮನದು, ಗದ್ದೆ ಅಪ್ಪನದು. ಬಾವಿಯ ಹಿಂದಿನ ನಾಲ್ಕು ಸಾಲು ಕೆಸು ಮಾತ್ರ ಅತ್ತೆಯದು. ಬೀಜದ ಗಡ್ಡೆಗಾಗಿ ಕೇರಿಯ ಹೆಂಗಸರು ಪ್ರತಿವರ್ಷ ಅವಳನ್ನು ಕೇಳಿಕೊಂಡು ಬರುತ್ತಿದ್ದರು. ಬೇರೆ ಯಾವುದಕ್ಕೂ ಅವಳನ್ನು ಯಾರೂ ಕೇಳುತ್ತಿರಲಿಲ್ಲ.

ಇದು ರೋಗ, ಚುಕ್ಕೆ ಬಿದ್ದ ಎಲೆಗಳನ್ನೆಲ್ಲ ಇವತ್ತೇ ಕೊಯ್ದು ದೂರ ಒಯ್ದು ಸುಡಬೇಕು ಎಂದೆ.

"ಶ್ರಾವಣದ ಮಳೆಲಿ ಹಸಿ ಎಲೆಗೆ ಬೆಂಕಿ ಹಾಕಲೆ ಧಾರವಾಡದಲ್ಲಿ ಕಲಿಸಿದ್ವಾ ಕೂಸೇ?" ಅತ್ತೆ ನಕ್ಕಳು. "ಒಲೆಗೇ ಒಣ ಕಟ್ಟಿಗೆ ಇಲ್ಲೆ. ಗೊಬ್ಬರಗುಂಡಿಗೆ ಹಾಕು, ಆತು."

ನಮ್ಮಲ್ಲಿ ಕೊಳೆಯುವಂಥದ್ದನ್ನು ಯಾರೂ ಸುಡುತ್ತಿರಲಿಲ್ಲ, ಎಲ್ಲವೂ ಗುಂಡಿಗೇ. ಗುಂಡಿ ಕೆಸುವಿನ ಸಾಲಿಗಿಂತ ಮೇಲಿನ ದಿಣ್ಣೆಯಲ್ಲಿದೆ ಎನ್ನುವುದು ನನಗೆ ಗೊತ್ತಿತ್ತು. ವಾದ ಮಾಡುವ ಅಭ್ಯಾಸ ನನಗಿರಲಿಲ್ಲ. ಎರಡು ಬುಟ್ಟಿ ಎಲೆ ಕೊಯ್ದು ಅಲ್ಲಿಗೇ ಸುರಿದೆ.

ಮೂರು ದಿನ ಮಳೆ ಬಿಡಲಿಲ್ಲ. ಗುಂಡಿ ತುಂಬಿ ಕಪ್ಪು ನೀರು ಸಾಲಿನ ನಡುವೆಯೇ ಇಳಿಯಿತು. ವಾರ ಕಳೆಯುವುದರೊಳಗೆ ಎಲೆಗಳೆಲ್ಲ ತೂತಾಗಿ, ಕರಗಿ, ಬರೀ ದಂಟು ನಿಂತಿತು.

ಅತ್ತೆ ಬಲಿಯದ ಗಡ್ಡೆಗಳನ್ನೇ ಅಗೆದಳು. ಕೊಳೆತದ್ದನ್ನು ಬಿಸಾಡಿ, ಚೆನ್ನಾಗಿ ಕಂಡ ಒಂದು ಬುಟ್ಟಿಯಷ್ಟನ್ನು ಜಗಲಿಯ ಮೂಲೆಯಲ್ಲಿ ಹರಡಿದಳು.

"ಇವು ಬೀಜಕ್ಕೆ ಅಕ್ಕು. ಕೆಳಗಿನ ಮನೆಗೆ ಕೊಡ್ತೆ ಹೇಳಿದ್ದೆ."

ಮೇಲೆ ಚೆನ್ನಾಗಿ ಕಂಡರೂ ಒಳಗೆ ರೋಗ ಇರಬಹುದು, ಬೇರೆ ಊರಿನಿಂದ ಹೊಸ ಬೀಜ ತರಬೇಕು, ಬರುವ ವರ್ಷ ಆ ಜಾಗದಲ್ಲಿ ಕೆಸು ನೆಡಲೇಬಾರದು ಎಂದೆ. ಎಲ್ಲವೂ ಸರಿಯಾದ ಮಾತೇ.

ಅವಳು ಗಡ್ಡೆಯ ಮಣ್ಣು ಒರೆಸುತ್ತಲೇ ಇದ್ದಳು. "ಹಂಗಾರೆ ಆನು ಕೆಳಗಿನ ಮನೆಯವಕ್ಕೆ ಎಂತ ಕೊಡದು?"

ನೀರು ಎಲ್ಲಿಂದ ಇಳಿಯಿತೆಂದು ಹೇಳಿದ್ದರೆ ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಅವಳು ಗಡ್ಡೆಗಳ ಮೇಲೆ ಗೋಣಿ ಮುಚ್ಚಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ, ಅತ್ತೆ ಸ್ನಾನಕ್ಕೆ ಹೋದಾಗ, ಗೋಣಿ ಸರಿಸಿ ಗಡ್ಡೆಗಳನ್ನು ಬಾವಿಕಟ್ಟೆಗೆ ಒಯ್ದು ತೊಳೆದೆ. ಬೀಜಕ್ಕೆ ಒಂದನ್ನೂ ಉಳಿಸದೆ ದೊಡ್ಡ ಪಾತ್ರೆಗೆ ಹಾಕಿ, ಮುಳುಗುವಷ್ಟು ನೀರು ಸುರಿದು, ಬೇಯಲು ಇಟ್ಟೆ.