ಅಳಿಲು ಮರಿಯ ಮೂಗಿಗೇರಿದ ಎಮ್ಮೆ ಹಾಲು

ಫ್ರೆಂಡ್ಸ್, ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ! ತಾಯಿಯನ್ನು ಬೆಕ್ಕು ಹಿಡಿದು ಅನಾಥವಾದ ನಮ್ಮ ಮುದ್ದು ಅಳಿಲು ಮರಿಗೆ, ಪಶುವೈದ್ಯರು ಹೇಳಿದ ಪುಡಿಹಾಲನ್ನು ನಾನು ಹನಿಹನಿಯಾಗಿ ಕುಡಿಸುತ್ತಿದ್ದೆ. ಇಂದು ವಲಾಂಡಿ ಊರಿನಿಂದ ಬಂದ ಗಂಡನ ಸೋದರತ್ತೆ, ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಅದರ ಬಾಯಿಗೆ ಚಮಚ ತುಂಬ ಎಮ್ಮೆ ಹಾಲು ಸುರಿದಿದ್ದರು. ಹಾಲು ಮೂಗಿನಿಂದ ಬಂತು!

ಮರಿಯ ತಲೆ ಕೆಳಗೆ ಮಾಡಿ ಒರೆಸುತ್ತಾ, "ಉಸಿರಿನಾಗ ಹಾಲ್ ಹೋದ್ರ ಸಾಯ್ತದ್ರೀ ಅತ್ತಿ!" ಎಂದು ಕಿರುಚಿದೆ.

"ಬೆನ್ನ ಮ್ಯಾಲ ಮೂರ್ ಪಟ್ಟಿ ವಿಭೂತಿ ಹಚ್ಕೊಂಡೇ ಹುಟ್ಯಾದ, ಅದಕ್ಕೇನಾಗ್ತದ? ನಾ ನಾಕ್ ಮಕ್ಕಳಿಗಿ ಹಿಂಗೇ ಕುಡಿಸೀನಿ!"

ಕೊನೆಗೆ ಮರಿ ಸೀನಿತು, ಉಸಿರಾಡಿತು. ನಾನು ಎದೆಗವಚಿಕೊಂಡು ಕುಳಿತುಬಿಟ್ಟೆ. ಅತ್ತೆ ಮುನಿಸಿಕೊಂಡು ಹೊರಟರು. ಈಗ ನಿಲಂಗಾ ಊರಿನಲ್ಲಿರುವ ಗಂಡನ ಬಳಗಕ್ಕೆಲ್ಲ ಸುದ್ದಿ ಮುಟ್ಟಿದೆ: ಹೊಸ ಸೊಸೆ ಹಿರಿಯರಿಗೆ ಒಂದು ಕಪ್ ಚಹಾ ಕೂಡ ಕೊಡಲಿಲ್ಲವಂತೆ!